ನವಾರದ ಸೀಟು

ಗಾದಿಯನ್ನು ಬಸ್ಸಿನ ಟಾಪಿನ ಮೇಲೆ ಹಾಕಲು ಹೀರಾಬಿ ಸುತರಾಂ ಒಪ್ಪಲಿಲ್ಲ.

೧೯೭೯ರ ಮಾರ್ಚ್ ತಿಂಗಳು. ದೇವದುರ್ಗದಲ್ಲಿ ಬೆಳಿಗ್ಗೆ ಎಂಟಕ್ಕೇ ಬಿಸಿಲು ಚುರುಗುಟ್ಟುತ್ತಿತ್ತು. ರಾಯಚೂರಿನ ಒಂದು ಮದುವೆ ಮನೆಗೆಂದು ಹೀರಾಬಿ ಮತ್ತು ಆಕೆಯ ಗಂಡ ಅಲ್ಲಾಉದ್ದೀನ್ ನಾಲ್ಕು ದಿನ ಕೂತು ಮಾಡಿದ ಗಾದಿ ಅದು. ಪಿಂಜಾರ ಓಣಿಯಲ್ಲಿ ಅಲ್ಲಾಉದ್ದೀನನಷ್ಟು ಹಗುರವಾಗಿ ಹತ್ತಿ ಹಿಂಜುವವರು ಇನ್ನೊಬ್ಬರಿರಲಿಲ್ಲ. ಅವನ ಹಿಂಜುವ ಬಿಲ್ಲಿನಿಂದ ಹಾರಿದ ಹತ್ತಿ ಮೋಡದ ಹಾಗೆ ಕೂಡುತ್ತಿತ್ತು. ಅದನ್ನು ತುಂಬಿ, ದಬ್ಬಣದಿಂದ ಹೊಲಿಗೆ ಹಾಕುವುದು ಹೀರಾಬಿಯ ಕೆಲಸ. ಆಕೆಯ ಹೊಲಿಗೆ ಹತ್ತು ವರ್ಷವಾದರೂ ಬಿಚ್ಚುವುದಿಲ್ಲ ಎಂದು ಊರೆಲ್ಲ ಹೇಳುತ್ತಿತ್ತು.

"ಮ್ಯಾಲ ಹಾಕ್ರಿ ಅಕ್ಕಾ, ಒಳಗ ಜಾಗ ಇಲ್ಲ" ಎಂದ ಕಂಡಕ್ಟರ್ ವೆಂಕೋಬ.

"ಜಾಗ ಇಲ್ಲ ಅಂತೀಯಲ್ಲೋ ತಮ್ಮಾ, ಬಸ್ಸಿನಾಗ ಮಂದೀನ ಇಲ್ಲ!"

ಆಕೆ ಹೇಳಿದ್ದು ನಿಜವೇ ಆಗಿತ್ತು. ದೇವದುರ್ಗದಿಂದ ಗಬ್ಬೂರಿನ ಮೇಲೆ ರಾಯಚೂರಿಗೆ ಹೋಗುವ ನೇರ ರಸ್ತೆಯಲ್ಲಿ ಸರ್ಕಾರಿ ಬಸ್ಸು ಓಡುತ್ತಿತ್ತು. ಸಿರವಾರ, ಮಾನ್ವಿ, ಕಲ್ಮಲ ಸುತ್ತಿ ಹೋಗುವ ದಾರಿಯಲ್ಲಿ ಮಾತ್ರ ಎರಡು ಖಾಸಗಿ ಬಸ್ಸುಗಳಿದ್ದವು. ಒಂದು ಮಾನ್ವಿಯ ಅಕ್ಕಿ ವ್ಯಾಪಾರಿ ಉರುಕುಂದಪ್ಪನ ಈರಣ್ಣ ಮೋಟಾರ್ ಸರ್ವಿಸ್. ಎಂಟು ವರ್ಷದಿಂದ ಅದೊಂದೇ ಆ ದಾರಿಯ ರಾಜ. ಆದರೆ ಆ ಸಂಕ್ರಾಂತಿಯ ಹೊತ್ತಿಗೆ ರಾಯಚೂರಿನ ಸತ್ತಾರ್ ಸಾಬ್ ಗುಲ್‌ಬಹಾರ್ ಎಂಬ ಹೊಸ ಬಸ್ಸನ್ನು ಅದೇ ದಾರಿಗೆ ಇಳಿಸಿಬಿಟ್ಟರು. ಕೆಂಪು ರೆಕ್ಸಿನ್ ಹೊದಿಸಿದ ಫೋಮಿನ ಸೀಟು, ಡ್ರೈವರನ ತಲೆಯ ಮೇಲೆ ಟೇಪ್ ರೆಕಾರ್ಡರು, ಕಿಟಕಿಗೆ ಹಸಿರು ಗಾಜು! ಉರುಕುಂದಪ್ಪನ ಬಸ್ಸಿನಲ್ಲಿ ಇದ್ದದ್ದು ಬರೀ ಹಲಗೆ. ಜನ ಮುಲಾಜಿಲ್ಲದೆ ಆ ಕಡೆ ಹೋದರು.

ಯಾಕೆ ಹೀಗಾಯಿತೆಂದು ಕಣ್ಣಾರೆ ನೋಡಲು ಅವತ್ತು ಉರುಕುಂದಪ್ಪನೇ ಡ್ರೈವರ್ ತಾಯಣ್ಣನ ಪಕ್ಕದಲ್ಲಿ ಕೂತಿದ್ದ. ಅವನು ಬೇಸರದಿಂದ ಕೈ ಬೀಸಿದ. "ಬಿಡೋ ವೆಂಕೋಬ, ಒಳಗ ಹಾಕ್ಲಿ. ಮಂದಿ ಅಂತೂ ಬರವಲ್ರು, ಗಾದಿಯಾದ್ರೂ ಕುಂತು ಬರ್ಲಿ."

ಹೀರಾಬಿ ಗಾದಿಯನ್ನು ಮಡಿಸಿ ಹಿಂದಿನ ಉದ್ದ ಸೀಟಿನ ಮೇಲೆ ಹಾಸಿ, ತಾನು ಅದರ ಮುಂದಿನ ಹಲಗೆಯ ಮೇಲೆ ಕೂತು, ಒಂದು ಕೈ ಗಾದಿಯ ಮೇಲೆ ಇಟ್ಟುಕೊಂಡಳು.

ಸಿರವಾರದಲ್ಲಿ ಗೋಪಮ್ಮ ಹತ್ತಿದಳು. ಮಾನ್ವಿಯ ಶಾಲೆಯೊಂದರಲ್ಲಿ ಟೀಚರು. ದಿನಾ ಹೋಗಿ ಬರುವವಳು. ಖಾಲಿ ಹಲಗೆಗಳನ್ನು ದಾಟಿ ಸೀದಾ ಹಿಂದಕ್ಕೆ ಬಂದು ನಿಂತಳು.

"ಯವ್ವಾ, ಇದರ ಮ್ಯಾಲ ಒಂದೀಟು ಕುಂದರ್ಲೇನು? ದಿನಾ ಈ ಹಲಗಿ ಮ್ಯಾಲ ಕುಂತು ಕುಂತು ನನ್ನ ನಡಾನ ಮುರದದ."

"ಮದುಮಕ್ಕಳ ಗಾದಿ ಅದರೀ ಅಕ್ಕೋರೆ. ಬ್ಯಾಡ್ರಿ."

ಆಗ ಬಸ್ಸು ಕಾಲುವೆಯ ಸೇತುವೆ ಇಳಿಯುವಲ್ಲಿನ ತಗ್ಗಿಗೆ ದಡಕ್ಕೆಂದು ಇಳಿಯಿತು. ಮುಂದೆ ಕೂತಿದ್ದವರೆಲ್ಲ ಮೊಳದೆತ್ತರ ಹಾರಿ "ಯಪ್ಪಾ!" ಎಂದು ಹಲಗೆಗೆ ಬಡಿದರು. ಗೋಪಮ್ಮ ಕಂಬಿ ತಪ್ಪಿ ಧೊಪ್ಪೆಂದು ಗಾದಿಯ ಮೇಲೆ ಬಿದ್ದಳು. ಬಿದ್ದವಳು ಏಳಲಿಲ್ಲ. ಕಣ್ಣು ಮುಚ್ಚಿ ಒಂದು ದೊಡ್ಡ ಉಸಿರು ಬಿಟ್ಟಳು.

"ಇನ್ನ ನನ್ನ ಎಬ್ಬಸಬ್ಯಾಡ ನೋಡವ್ವಾ" ಎಂದಳು.

ಹೀರಾಬಿಗೆ ಸಿಟ್ಟು ಬರಬೇಕಿತ್ತು, ನಗು ಬಂತು. ಅದನ್ನು ನೋಡಿ ಇನ್ನೊಬ್ಬಳು ಎದ್ದು ಬಂದಳು. ಆಮೇಲೆ ಸಂತೆಗೆ ಹೊರಟಿದ್ದ ಇಬ್ಬರು. ಮಾನ್ವಿ ಬರುವಷ್ಟರಲ್ಲಿ ಆರು ಹೆಂಗಸರು ಗಾದಿಯ ಮೇಲೆ ಒತ್ತೊತ್ತಾಗಿ ಕೂತು, ತಗ್ಗು ಬಂದಾಗಲೆಲ್ಲ ಒಟ್ಟಿಗೆ ಮೇಲೆದ್ದು ಒಟ್ಟಿಗೆ ಕೂತು ಗೊಳ್ಳೆಂದು ನಗುತ್ತಿದ್ದರು. ಮಾನ್ವಿಯಲ್ಲಿ ಬಸ್ಸು ನಿಂತಾಗ ಗೋಪಮ್ಮ, "ಸಾಲಿ ಘಂಟಿ ಹೊಡದ್ರ ಹೊಡೀಲಿ, ನಾ ರಾಯಚೂರ ತನಕ ಹೋಗಿ ಬರ್ತೀನಿ" ಎಂದಳು. ನಿಜವಾಗಿ ಇಳಿದುಹೋದಳು, ಆದರೆ ಹತ್ತು ಸಲ ಹಿಂತಿರುಗಿ ನೋಡುತ್ತಾ.

ಉರುಕುಂದಪ್ಪ ತನ್ನ ಸೀಟಿನಲ್ಲಿ ಪೂರ್ತಿ ಹಿಂದಕ್ಕೆ ತಿರುಗಿ ಕೂತಿದ್ದ. ಎಂಟು ವರ್ಷದಲ್ಲಿ ತನ್ನ ಬಸ್ಸಿನೊಳಗೆ ಜನ ನಕ್ಕದ್ದನ್ನು ಅವನು ಅವತ್ತೇ ಮೊದಲು ಕೇಳಿದ್ದು.

"ಈ ಗಾದಿ ಯಾರು ಮಾಡಿದ್ದು ತಂಗಿ?"

"ನಾವ ರೀ. ದೇವದುರ್ಗ ಪಿಂಜಾರ ಓಣಿ."

ರಾಯಚೂರಿನಲ್ಲಿ ಇಳಿದ ಹೀರಾಬಿ ಗಾದಿಯನ್ನು ನಿಲ್ದಾಣದ ಗೋಡೆಯ ಮೇಲೆ ಬಿಸಿಲಿಗೆ ಹರವಿ, ಕೋಲಿನಿಂದ ಬಡಿದು ಬಡಿದು ಮೊದಲಿನಂತೆ ಉಬ್ಬಿಸಿದಳು. ಆಮೇಲೆಯೇ ಮದುವೆ ಮನೆಗೆ ಒಯ್ದು ಕೊಟ್ಟಳು.

ನಾಲ್ಕನೆಯ ದಿನ ಉರುಕುಂದಪ್ಪ ಪಿಂಜಾರ ಓಣಿಗೆ ಬಂದ. ಹಿಂದೆ ಡ್ರೈವರ್ ತಾಯಣ್ಣ ಬಸ್ಸಿನ ಒಂದು ಸೀಟನ್ನೇ ಬಿಚ್ಚಿ ಹೆಗಲ ಮೇಲೆ ಹೊತ್ತುಕೊಂಡು ಬಂದಿದ್ದ. ಓಣಿಯ ಜನವೆಲ್ಲ ಬಾಗಿಲಿಗೆ ಬಂದು ನಿಂತರು. ಕಬ್ಬಿಣದ ಚೌಕಟ್ಟು, ಅದರ ಮೇಲೆ ಬಡಿದ ಹಲಗೆ. ಅಂಗಳದ ನಡುವೆ ಅದನ್ನಿಟ್ಟು ತಾಯಣ್ಣ ಬೆವರು ಒರೆಸಿಕೊಂಡ.

"ಇದಕ್ಕ ಗಾದಿ ಹೊಲದು ಕೊಡ್ರಿ. ಮೊದಲು ಮುಂದಿನ ಮೂರು ಸಾಲಿಗೆ" ಎಂದ ಉರುಕುಂದಪ್ಪ.

ಹೀರಾಬಿಯ ಅತ್ತೆ ಬಡೇಬೀ ಎಲೆ ಅಡಿಕೆ ಜಗಿಯುತ್ತಾ ನೋಡುತ್ತಿದ್ದಳು. "ಗಾದಿ ಅಂದ್ರ ಮಲಗಾಕ. ಓಡೋ ಬಸ್ಸಿಗೆ ಯಾರರ ಗಾದಿ ಹೊಲೀತಾರೇನು?" ಎಂದಳು. ಅಲ್ಲಾಉದ್ದೀನ್ ಕಡಿಮೆ ಮಾತಿನವನು. ಆದರೆ ಬೆರಳಿನಿಂದ ಹಲಗೆಯ ಉದ್ದಗಲ ಅಳೆಯುತ್ತಿದ್ದದ್ದನ್ನು ಹೀರಾಬಿ ನೋಡಿದಳು. ಅಷ್ಟು ಸಾಕಾಯಿತು.

"ಮಾಡ್ತೀವ್ರಿ ಸಾವಕಾರ್ರ" ಎಂದಳು.

ಮೊದಲ ವಾರ ಹಬ್ಬದಂತಿತ್ತು. ಆರು ಸೀಟಿನ ಗಾದಿಗಾಗಿ ಜನ ಕಿಟಕಿಯಿಂದ ಟವೆಲ್ ಎಸೆದು ಜಾಗ ಹಿಡಿದರು. ಎರಡನೆಯ ವಾರ ಗಾದಿ ಸ್ವಲ್ಪ ತೆಳುವಾಯಿತು. ಮೂರನೆಯ ವಾರಕ್ಕೆ ಹತ್ತಿ ಒತ್ತಿ ಒತ್ತಿ ಗಟ್ಟಿಯಾಗಿ, ಅರ್ಧ ಮುಂದಕ್ಕೆ ಸರಿದು ಗಂಟುಗಂಟಾಗಿ ಕೂತಿತು. ಅದಕ್ಕಿಂತ ಹಲಗೆಯೇ ವಾಸಿ ಎನ್ನತೊಡಗಿದರು. ಸಾಲದ್ದಕ್ಕೆ ಒಂದು ದಿನ ಹತ್ತಿ ವ್ಯಾಪಾರಿಯೊಬ್ಬ ಕಲ್ಮಲದ ಹತ್ತಿರ ಎದ್ದು ನಿಂತು ಬೆನ್ನು ಕೆರೆದುಕೊಳ್ಳುತ್ತಾ ಕೂಗಾಡಿದ. ನೋಡಿದರೆ ತಗಣಿ!

ಮರುದಿನವೇ ರಾಯಚೂರಿನ ನಿಲ್ದಾಣದಲ್ಲಿ ಗುಲ್‌ಬಹಾರಿನ ಏಜೆಂಟನ ಗಂಟಲು ದೊಡ್ಡದಾಯಿತು. "ಬರ್ರಿ ಬರ್ರಿ, ಮಾನ್ವಿ, ಸಿರವಾರ, ದೇವದುರ್ಗ! ಫೋಮಿನ ಸೀಟು! ಆ ಕಡೆ ಹೋಗಬ್ಯಾಡ್ರಿ, ಗಾದ್ಯಾಗ ತಗಣಿ ಸಾಕ್ಯಾರ!"

ನಿಲ್ದಾಣವೆಲ್ಲ ನಕ್ಕಿತು.

ಉರುಕುಂದಪ್ಪ ಆರೂ ಗಾದಿಗಳನ್ನು ತಂದು ಹೀರಾಬಿಯ ಅಂಗಳದಲ್ಲಿ ಇಳಿಸಿದ. ಬೈಯಲಿಲ್ಲ. ಬೈದಿದ್ದರೆ ಆಕೆಗೆ ಅಷ್ಟು ನೋವಾಗುತ್ತಿರಲಿಲ್ಲವೇನೋ. "ನಂದ ತಪ್ಪು ತಂಗಿ. ಹೈದರಾಬಾದಿಂದ ಫೋಮ್ ತರಸ್ತೀನಿ" ಎಂದು ಮೆಲ್ಲಗೆ ಹೇಳಿದ.

ಹೀರಾಬಿ ಒಂದು ಗಾದಿಯ ಹೊಲಿಗೆ ಬಿಚ್ಚಿ ಹತ್ತಿಯನ್ನು ಹರವಿ ನೋಡಿದಳು. ಹುಳವಿದ್ದದ್ದು ಹತ್ತಿಯಲ್ಲಲ್ಲ. ಹಲಗೆಯ ಸಂದಿಯಿಂದ ಹತ್ತಿಬಂದು ಅಂಚಿನ ಹೊಲಿಗೆಯಲ್ಲಿ ಕೂತಿದ್ದವು. ಅದನ್ನು ಕಂಡದ್ದೇ ಆಕೆಗೆ ಛಲ ಬಂತು.

"ಸಾವಕಾರ್ರ, ಹದಿನೈದು ದಿನ ಕೊಡ್ರಿ. ಅಲ್ಲೀತನಕ ಫೋಮ್ ತರಬ್ಯಾಡ್ರಿ."

"ಏನ್ ಮಾಡ್ತೀದಿ?"

"ಈಗ ಗೊತ್ತಿಲ್ರೀ. ಆದ್ರ ಮಾಡ್ತೀನಿ."

ಮರುದಿನ ಹೀರಾಬಿ ಉರುಕುಂದಪ್ಪನ ಬಸ್ಸಿನಲ್ಲಿ ಕೂತು ದೇವದುರ್ಗದಿಂದ ರಾಯಚೂರಿಗೆ ಹೋಗಿ, ವಾಪಸು ಬಂದಳು. ಒಂದೂರಿಗೆ ಒಂದು ಸೀಟು ಬದಲಿಸುತ್ತಾ ಕೂತಳು. ಜನ ಹೇಗೆ ಕೂರುತ್ತಾರೆ, ತಾಯಣ್ಣ ಬ್ರೇಕ್ ಹಾಕಿದಾಗ ಯಾವ ಕಡೆ ಜಾರುತ್ತಾರೆ, ತಗ್ಗು ಬಂದಾಗ ಮೊದಲು ಎಲ್ಲಿ ಪೆಟ್ಟು ಬೀಳುತ್ತದೆ, ಎಲ್ಲವನ್ನೂ ನೋಡಿದಳು. ಮೂರನೆಯ ದಿನ ರಾಯಚೂರಿನಿಂದ ಬರುವಾಗ ಧೈರ್ಯ ಮಾಡಿ ಗುಲ್‌ಬಹಾರ್ ಹತ್ತಿದಳು. ಏನೋ ಕದಿಯಲು ಬಂದವಳಂತೆ ಸೆರಗನ್ನು ಮುಖಕ್ಕೆ ಎಳೆದುಕೊಂಡಳು.

ಕೂತಾಗ ಮಾತ್ರ ಆಕೆಗೆ ಮೆಚ್ಚದೆ ಇರಲು ಆಗಲಿಲ್ಲ. ಫೋಮು ಒಳ್ಳೆ ಬೆಣ್ಣೆಯಂತೆ ಒಳಗೆ ಹೋಯಿತು. ತಗ್ಗು ಬಂದರೂ ಪೆಟ್ಟಿಲ್ಲ. ಇನ್ನು ಮುಗಿಯಿತು ನಮ್ಮ ಕತೆ ಎಂದುಕೊಂಡಳು. ಆದರೆ ಕಲ್ಮಲ ದಾಟುವಷ್ಟರಲ್ಲಿ ಬೆನ್ನು ಬಿಸಿಯಾಯಿತು. ಏಪ್ರಿಲ್ ತಿಂಗಳ ಮಧ್ಯಾಹ್ನ. ರೆಕ್ಸಿನ್ ಕಾದು, ಸೀರೆ ಬೆವರಿನಿಂದ ಅಂಟಿಕೊಂಡಿತು. ಪಕ್ಕದವಳು ಎದ್ದು ಸೀರೆ ಬಿಡಿಸಿಕೊಂಡು ಮತ್ತೆ ಕೂತಳು. ಮುಂದಿನ ಸಾಲಿನ ಮುದುಕನೊಬ್ಬ ಧೋತರದ ತುದಿಯನ್ನು ಮಡಿಸಿ ಕೆಳಗೆ ಹಾಸಿಕೊಂಡ. ಹೀರಾಬಿ ಸುತ್ತ ನೋಡಿದಳು. ಹನ್ನೊಂದು ಜನ ತಮ್ಮ ತಮ್ಮ ಟವೆಲ್ಲನ್ನು ಸೀಟಿನ ಮೇಲೆ ಹಾಸಿಕೊಂಡಿದ್ದರು. ಅವಳಿಗೆ ಖುಷಿಯಿಂದ ಕೂಗಿಬಿಡಬೇಕು ಎನಿಸಿತು.

"ಕೈಸಾ ಹೈ ಬೇಟಿ, ಸೀಟು?"

ತಿರುಗಿದರೆ ಬಿಳಿ ಶೇರವಾನಿಯ ಹಿರಿಯರೊಬ್ಬರು ಕಂಬಿ ಹಿಡಿದು ನಿಂತಿದ್ದರು. ಸತ್ತಾರ್ ಸಾಬ್! ವಾರಕ್ಕೊಮ್ಮೆ ತಮ್ಮ ಬಸ್ಸಿನಲ್ಲಿ ತಾವೇ ಓಡಾಡಿ, ಪ್ರಯಾಣಿಕರನ್ನು ಮಾತಾಡಿಸುವುದು ಅವರ ರೂಢಿ. ಸುಳ್ಳು ಹೇಳಲು ಹೀರಾಬಿಗೆ ನಾಲಿಗೆ ಬರಲಿಲ್ಲ.

"ಮೆತ್ತಗ ಅದರೀ ಸಾಬ್, ಭಾಳ ಮೆತ್ತಗ. ಆದ್ರ ಸುಡತದ."

ಸತ್ತಾರ್ ಸಾಬರ ಹುಬ್ಬು ಮೇಲೇರಿತು. "ನೀನ ಮೊದಲನೇಕಿ ಖರೆ ಹೇಳಿದಾಕಿ. ಯಾವ ಊರವ್ವಾ ನಿಂದು?"

"ದೇವದುರ್ಗ ರೀ" ಎಂದಷ್ಟೇ ಹೇಳಿ ಹೀರಾಬಿ ಕಿಟಕಿಯ ಕಡೆ ಮುಖ ತಿರುಗಿಸಿದಳು.

ಮನೆಗೆ ಬಂದಾಗ ಬಡೇಬೀ ಅಂಗಳದ ಬೇವಿನ ನೆರಳಲ್ಲಿ ನವಾರದ ಮಂಚದ ಮೇಲೆ ಒರಗಿದ್ದಳು. ಅಗಲವಾದ ಹತ್ತಿ ಪಟ್ಟಿಯನ್ನು ಚೌಕಟ್ಟಿಗೆ ಅಡ್ಡ ಉದ್ದ ಹೆಣೆದ ಮಂಚ. ಸುಸ್ತಾಗಿದ್ದ ಹೀರಾಬಿ ಅದರ ತುದಿಗೆ ಧಡಕ್ಕನೆ ಕೂತಳು. ಇನ್ನೊಂದು ತುದಿಯಲ್ಲಿದ್ದ ಮುದುಕಿ ಗೇಣೆತ್ತರ ಹಾರಿದಳು.

"ಏ! ಸಾವಕಾಶ ಕುಂದರ ಬೇ!"

ಹೀರಾಬಿ ಎದ್ದಳು. ಮತ್ತೆ ಕೂತಳು. ಮುದುಕಿ ಮತ್ತೆ ಹಾರಿದಳು. ಹೀರಾಬಿ ಇನ್ನೊಮ್ಮೆ ಎದ್ದು, ಇನ್ನೊಮ್ಮೆ ಕೂತಳು.

"ಯಾ ಅಲ್ಲಾ! ಹುಡುಗಿಗೆ ಏನೋ ಬಡದದ ನೋಡೋ ಅಲ್ಲಾಉದ್ದೀನ!"

"ಹಲಗಿ ರೀ!" ಎಂದು ಹೀರಾಬಿ ಗಂಡನ ಕಡೆ ಓಡಿದಳು. ಅವನು ಬಿಲ್ಲು ಕೆಳಗಿಟ್ಟು ಗಾಬರಿಯಿಂದ ನೋಡಿದ. "ತಪ್ಪು ಹತ್ತೀದಲ್ಲ, ಹಲಗೀದು! ಕೆಳಗ ಹಲಗಿ ಇದ್ರ ಹತ್ತಿ ಸಾಯ್ತದ. ಹಲಗಿ ತಗದು ನವಾರ ಹೆಣದ್ರ? ಜಗ್ಗತದ, ಕೆಳಗಿಂದ ಗಾಳಿ ಬರ್ತದ, ತಗಣಿಗೆ ಸಂದಿನ ಇಲ್ಲ!"

ಅಲ್ಲಾಉದ್ದೀನ್ ಎದ್ದು ಬಂದು ಮಂಚದ ನವಾರವನ್ನು ಒತ್ತಿ ನೋಡಿದ. ಆಮೇಲೆ ಅವನ ಮುಖ ಅರಳಿತು. "ಗಾದಿಗೆ ಚೌಕ ಚೌಕ ಹೊಲಿಗಿ ಹಾಕು. ಹತ್ತಿ ಸರಿಯಂಗಿಲ್ಲ" ಎಂದ. ಅಷ್ಟಕ್ಕೇ ನಿಲ್ಲದೆ, "ಮತ್ತ ಎರಡು ಜೋಡು ಮಾಡು. ಒಂದು ಬಸ್ಸಿನ ಮ್ಯಾಲ, ಒಂದು ಬಿಸಿಲಾಗ. ಎಂಟು ದಿನಕ್ಕೊಮ್ಮಿ ಬದಲಿ. ನಾ ಹಿಂಜಿ ಕೊಡ್ತೀನಿ" ಎಂದ. ಅವನು ಒಂದೇ ದಿನದಲ್ಲಿ ಅಷ್ಟು ಮಾತಾಡಿದ್ದು ಓಣಿಗೇ ಸುದ್ದಿಯಾಯಿತು.

ಉರುಕುಂದಪ್ಪನಿಗೆ ಹೇಳಿದಾಗ ಅವನು ಅರ್ಧ ಮಾತಿಗೇ ಒಪ್ಪಿದ. ಅವನಿಗೂ ಆ ಏಜೆಂಟನ ಕೂಗು ಕಿವಿಯಲ್ಲಿ ಕೊರೆಯುತ್ತಿತ್ತು. ಮೇ ತಿಂಗಳ ಮೊದಲ ಸೋಮವಾರ ಹೊಸ ಸೀಟಿನೊಂದಿಗೆ ಬಸ್ಸು ಬಿಡುವುದೆಂದು ಗೊತ್ತಾಯಿತು. ಇಪ್ಪತ್ತೊಂದು ಸೀಟು, ಹಿಂದಿನ ಉದ್ದ ಸೀಟು ಬೇರೆ. ಎಲ್ಲಕ್ಕೂ ಎರಡೆರಡು ಗಾದಿ. ಉಳಿದದ್ದು ಒಂಬತ್ತು ದಿನ.

ಪಿಂಜಾರ ಓಣಿ ಆ ಒಂಬತ್ತು ದಿನ ಕಂಡದ್ದನ್ನು ಹಿಂದೆಂದೂ ಕಂಡಿರಲಿಲ್ಲ. ಐದು ಮನೆಯ ಬಿಲ್ಲುಗಳು ಒಟ್ಟಿಗೆ ಝೇಂಕರಿಸಿದವು. ಹತ್ತಿಯ ನಯವಾದ ಧೂಳು ಎಲ್ಲರ ಹುಬ್ಬು ರೆಪ್ಪೆಗಳ ಮೇಲೆ ಕೂತು ಚಿಕ್ಕವರೂ ಮುದುಕರಂತೆ ಕಂಡರು. ಹೆಂಗಸರು ಸಾಲಾಗಿ ಕೂತು ಪಟ್ಟೆ ಪಟ್ಟೆಯ ದಪ್ಪ ಕೈಮಗ್ಗದ ಬಟ್ಟೆಗೆ ಚೌಕ ಹೊಲಿಗೆ ಹಾಕಿದರು. ಒಂದೊಂದು ಗಾದಿಯ ನಾಲ್ಕು ಮೂಲೆಗೂ ಒಣಗಿದ ಬೇವಿನ ಎಲೆಯ ಪುಟ್ಟ ಚೀಲ. ಮೊದಲು ಗೊಣಗಿದ್ದ ಬಡೇಬೀಯೇ ಈಗ ಮೇಸ್ತ್ರಿ. ಮುಗಿದ ಪ್ರತಿ ಗಾದಿಯ ಮೇಲೆ ಆಕೆ ಕೂತು ನೋಡಬೇಕು. ಕೂತು ಕುಲುಕಿ, ಮೂರು ಸಲ "ಹೂಂ" ಎಂದರೆ ಪಾಸು. ಒಂದನ್ನು ಬಿಚ್ಚಿಸಿ ಮತ್ತೆ ಹೊಲಿಸಿದಳು. ಮಾನ್ವಿಯಲ್ಲಿ ಉರುಕುಂದಪ್ಪನ ಗಿರಣಿಯ ಅಂಗಳದಲ್ಲಿ ಬಸ್ಸು ನಿಲ್ಲಿಸಿ, ತಾಯಣ್ಣನೂ ಅಲ್ಲಾಉದ್ದೀನನೂ ಹಲಗೆ ಕಿತ್ತು ನವಾರ ಹೆಣೆದರು. ಬಿಗಿ ಸಾಲದೆಂದು ತಾಯಣ್ಣ ಮೊದಲ ನಾಲ್ಕು ಸೀಟನ್ನು ಎರಡು ಸಲ ಹೆಣೆದ. ಅವನ ಅಂಗೈಗೆ ಬೊಬ್ಬೆ ಬಂದಿತ್ತು. ಆದರೂ, "ಸೋಮವಾರ ಬರ್ಲಿ, ಆ ಗುಲ್‌ಬಹಾರಿಗೆ ತೋರಸ್ತೀನಿ" ಎಂದು ಹಲ್ಲು ಕಿರಿಯುತ್ತಿದ್ದ.

ಸೋಮವಾರ ಬಂತು. ದೇವದುರ್ಗದ ನಿಲ್ದಾಣದಲ್ಲಿ ಎರಡೂ ಬಸ್ಸು ಅಕ್ಕಪಕ್ಕ ನಿಂತವು. ಹೀರಾಬಿ ಗಂಡನೊಂದಿಗೆ ಮುಂದಿನ ಬಾಗಿಲ ಹತ್ತಿರ ಕೂತಿದ್ದಳು. ಅಲ್ಲಾಉದ್ದೀನ್ ಹೊಸ ಅಂಗಿ ಹಾಕಿದ್ದ. ಆದರೆ ಜನ ಬರಲಿಲ್ಲ. ತಗಣಿಯ ಮಾತು ಊರು ತುಂಬಾ ಹರಡಿತ್ತು. ಗುಲ್‌ಬಹಾರಿನಲ್ಲಿ ಟೇಪ್ ರೆಕಾರ್ಡರು ಜೋರಾಗಿ ಹಾಡುತ್ತಿತ್ತು, ಜನ ಬಾಗಿಲಲ್ಲಿ ನೇತಾಡುತ್ತಿದ್ದರು. ಈ ಕಡೆ ಹತ್ತಿದವರು ಒಂಬತ್ತೇ ಜನ. ಗುಲ್‌ಬಹಾರ್ ಧೂಳೆಬ್ಬಿಸಿ ಮೊದಲು ಹೊರಟುಹೋಯಿತು.

"ಬಿಡ್ಲೇನ್ರಿ ಸಾವಕಾರ್ರ? ಹಿಂದ ಹಾಕ್ತೀನಿ ಅದನ್ನ!" ಎಂದ ತಾಯಣ್ಣ.

"ಓಡಸಬ್ಯಾಡ. ಮೆತ್ತಗ ಹೋಗು. ಸೀಟು ಮಾತಾಡ್ಲಿ" ಎಂದ ಉರುಕುಂದಪ್ಪ.

ಮೊದಲ ತಗ್ಗು ಬಂತು. ಬಸ್ಸು ಇಳಿಯಿತು, ಎದ್ದಿತು. ಒಳಗಿದ್ದ ಒಂಬತ್ತು ಜನ ಮೆಲ್ಲಗೆ ಮೇಲೇರಿ, ಮೆಲ್ಲಗೆ ಕೆಳಗಿಳಿದರು. ಯಾರೂ "ಯಪ್ಪಾ" ಎನ್ನಲಿಲ್ಲ. ಒಬ್ಬ ರೈತ ಬಗ್ಗಿ ಸೀಟಿನ ಕೆಳಗೆ ನೋಡಿದ. "ಏ ಇದು ನವಾರದ ಮಂಚ ಅದಲ್ಲೋ!" ಎಂದ. ಅಲ್ಲಾಉದ್ದೀನ್ ಹೆಂಡತಿಯ ಮೊಣಕೈಯನ್ನು ಒತ್ತಿದ.

ಸಿರವಾರದಲ್ಲಿ ಸಂತೆ. ಗುಲ್‌ಬಹಾರ್ ತುಂಬಿ ತುಳುಕಿ ಹೋಗಿದ್ದರಿಂದ ಉಳಿದವರು ಬೇರೆ ದಾರಿಯಿಲ್ಲದೆ ಇದನ್ನು ಹತ್ತಿದರು. ಗೋಪಮ್ಮ ಹತ್ತಿದವಳೇ ಹೀರಾಬಿಯನ್ನು ಗುರುತಿಸಿ, "ಬಂದೇನವ್ವಾ ಗಾದಿಯವ್ವಾ!" ಎಂದಳು. ಕೂತಳು. ಎದ್ದಳು. ಇನ್ನೊಮ್ಮೆ ಕೂತಳು. ಆಮೇಲೆ ತರಗತಿಯಲ್ಲಿ ಪಾಠ ಹೇಳುವ ದನಿಯಲ್ಲಿ, "ತಗಣಿ ಗಿಗಣಿ ಏನೂ ಇಲ್ಲ. ಬೇವಿನ ವಾಸನಿ ಬರಾಕತ್ತದ. ಎಲ್ಲಾರೂ ಆರಾಮ ಕುಂದರ್ರಿ!" ಎಂದು ಬಸ್ಸಿಗೆಲ್ಲ ಕೇಳುವಂತೆ ಸಾರಿದಳು.

ಮಾನ್ವಿ ತಲುಪಿದಾಗ ಹನ್ನೊಂದು ಗಂಟೆ. ಗುಲ್‌ಬಹಾರ್ ಆಗಲೇ ನಿಂತಿತ್ತು. ಚಹಾಕ್ಕೆಂದು ಎರಡೂ ಬಸ್ಸು ಅಲ್ಲಿ ಇಪ್ಪತ್ತು ನಿಮಿಷ ನಿಲ್ಲುತ್ತಿದ್ದವು. ಗುಲ್‌ಬಹಾರಿನಿಂದ ಇಳಿದವರ ಬೆನ್ನ ಮೇಲೆ ಬೆವರು ದೊಡ್ಡ ದೊಡ್ಡ ನಕಾಶೆ ಬರೆದಿತ್ತು. ಅಂಗಿ ಜಗ್ಗಿಕೊಳ್ಳುತ್ತಾ ನಿಂತವರ ನಡುವೆ ಗೋಪಮ್ಮ ಒಣಗಿದ ಬೆನ್ನಿನೊಂದಿಗೆ ಇಳಿದು ಬಂದಳು. ರಜೆಯಲ್ಲೂ ಇದ್ದ ಶಾಲೆಯ ಕೆಲಸಕ್ಕೆ ಹೊತ್ತಾಗಿದ್ದರೂ ನಿಂತು, ಎದುರಿಗೆ ಸಿಕ್ಕ ಪರಿಚಯದ ಹೆಂಗಸಿನ ಕೈ ಹಿಡಿದು ಹೇಳಿದಳು: "ಅದರಾಗ ಕುಂತು ಬೇಯತೀರಿ ಯಾಕ? ಇಲ್ಲಿ ಹತ್ತಿ ನೋಡ್ರಿ ಒಮ್ಮೆ. ಬರೇ ನೋಡ್ರಿ!"

ನೋಡಲೆಂದು ಒಬ್ಬಳು ಹತ್ತಿದಳು. ಹತ್ತಿದವಳು ಇಳಿಯಲಿಲ್ಲ. ಅವಳ ಗಂಡ ಕರೆಯಲು ಹೋದ, ಅವನೂ ಇಳಿಯಲಿಲ್ಲ. ಆಮೇಲೆ ಇಬ್ಬರು ಅಕ್ಕಿ ವ್ಯಾಪಾರಿಗಳು, ಒಬ್ಬ ಕಚೇರಿ ಗುಮಾಸ್ತ, ಕೂಸು ಎತ್ತಿಕೊಂಡ ತಾಯಿ. ಚಹಾ ಕುಡಿದು ಬಂದ ಹಳೆಯ ಪ್ರಯಾಣಿಕರು ತಮ್ಮ ಜಾಗದಲ್ಲಿ ಬೇರೆಯವರನ್ನು ಕಂಡು ಕೂಗಾಡಿದರು.

"ಏಳ್ರೀ! ಇದು ನನ್ನ ಸೀಟು, ಟವೆಲ್ ಹಾಕಿ ಹೋಗೀನಿ!"

"ನಿಮ್ಮ ಟವೆಲ್ ತಗೋರಿ, ಸೀಟು ನಾ ಕೊಡಂಗಿಲ್ಲ!"

"ನಿಮ್ಮ ಬಸ್ಸು ಅದರೀ, ಆ ಕೆಂಪು ಸೀಟಿಂದು!"

"ಇದ್ದದ್ದು ಹೌದು. ಈಗ ಇದು!"

ವೆಂಕೋಬನಿಗೆ ಟಿಕೀಟು ಹರಿದು ಕೊಡಲು ಎರಡು ಕೈ ಸಾಲದಾಯಿತು. ಗುಲ್‌ಬಹಾರಿನ ಕಂಡಕ್ಟರು ಓಡಿ ಬಂದು "ನಮ್ಮ ಮಂದಿ ಕದೀತೀರೇನಲೇ!" ಎಂದು ಜಗಳಕ್ಕೆ ನಿಂತ. ತಾಯಣ್ಣ ಖುಷಿ ತಡೆಯಲಾರದೆ ಹಾರ್ನ್ ಹೊಡೆದೇ ಹೊಡೆದ. ಚಹಾದ ಅಂಗಡಿಯವರು, ಸೈಕಲ್ ನಿಲ್ಲಿಸಿದವರು, ಎಲ್ಲ ಗುಂಪುಗೂಡಿದರು. ಆ ಗದ್ದಲದ ನಡುವೆ ಬಾಗಿಲಲ್ಲಿ ಬಿಳಿ ಶೇರವಾನಿ ಕಾಣಿಸಿತು. ಬಾಗಿಲಲ್ಲಿದ್ದವರು ಸರಿದು ದಾರಿ ಬಿಟ್ಟರು.

ಸತ್ತಾರ್ ಸಾಬ್ ಯಾರನ್ನೂ ಬೈಯಲಿಲ್ಲ. ಮುಂದಿನ ಸೀಟನ್ನು ಅಂಗೈಯಿಂದ ಒತ್ತಿ ನೋಡಿದರು. ಗಾದಿಯ ಅಂಚು ಎತ್ತಿ ಕೆಳಗಿನ ನವಾರವನ್ನು ನೋಡಿದರು. ಬೇವಿನ ಚೀಲವನ್ನು ಮೂಸಿದರು. ಆಮೇಲೆ ವೆಂಕೋಬನ ಕಡೆ ತಿರುಗಿ, "ಒಂದು ಟಿಕೀಟು ಕೊಡಪ್ಪಾ, ರಾಯಚೂರು" ಎಂದರು.

ಕೂತಿದ್ದ ಅಕ್ಕಿ ವ್ಯಾಪಾರಿ ಎದ್ದು ಅವರಿಗೆ ಜಾಗ ಕೊಟ್ಟ. ಆ ಜಾಗ ಹೀರಾಬಿಯ ಹಿಂದೆಯೇ ಇತ್ತು. ಮಾನ್ವಿಯಿಂದ ಕಲ್ಮಲದವರೆಗೆ ಅವರು ತಗ್ಗು ಬಂದಾಗಲೆಲ್ಲ ಸೀಟನ್ನು ಅಂಗೈಯಿಂದ ಒತ್ತಿ ನೋಡುತ್ತಿದ್ದರು. ಬಸ್ಸು ಕಿಕ್ಕಿರಿದಿತ್ತು. ಕಿಟಕಿಯಿಂದ ಬೆಂಕಿಯಂಥ ಗಾಳಿ. ಹೀರಾಬಿಗೆ ತಿರುಗಿ ನೋಡುವ ಧೈರ್ಯವಿರಲಿಲ್ಲ. ಕಲ್ಮಲ ದಾಟಿದ ಮೇಲೆ ಹಿಂದಿನಿಂದ ಮೃದುವಾದ ದನಿ ಬಂತು.

"ದೇವದುರ್ಗದಾಕಿ. ಸುಡತದ ಅಂದಿದ್ದಿ. ಇದು ನೀ ಮಾಡಿದ್ದೇನು?"

"ನಾ ಒಬ್ಬಾಕಿ ಅಲ್ರೀ ಸಾಬ್. ಇವರು, ನಮ್ಮ ಅತ್ತಿ, ಓಣಿ ಮಂದಿ ಎಲ್ಲಾ."

"ವಾಹ್" ಎಂದರು ಸತ್ತಾರ್ ಸಾಬ್. ಬಹಳ ಹೊತ್ತಿನ ಮೇಲೆ ಇನ್ನೊಮ್ಮೆ, ತಮ್ಮಷ್ಟಕ್ಕೇ, "ವಾಹ್" ಎಂದರು.

ರಾಯಚೂರಿನಲ್ಲಿ ಇಳಿದ ತಕ್ಷಣ ಅವರು ವಿಷಯಕ್ಕೆ ಬಂದರು. "ನನ್ನ ಗುಲ್‌ಬಹಾರಿಗೂ ಮಾಡಿಕೊಡ್ರಿ. ಫೋಮ್ ತಗಸ್ತೀನಿ. ಮುಂದಿನ ತಿಂಗಳು ಇನ್ನೊಂದು ಬಸ್ಸು ಬರ್ತದ, ಅದಕ್ಕೂ."

ಉರುಕುಂದಪ್ಪ ಅಲ್ಲೇ ನಿಂತಿದ್ದ. ಬೆಳಗಿನಿಂದ ಅವನ ಮುಖದಲ್ಲಿದ್ದ ಬೆಳಕು ಆರಿಹೋಯಿತು. "ಹೀರಾಬಿ, ಅವರಿಗೆ ಮಾಡಿದ್ರ ನಂದೇನು ಉಳೀತು? ನಾ ನಂಬಿ ಬಂದಿದ್ನಲ್ಲ" ಎಂದ.

ಹೀರಾಬಿ ಇಬ್ಬರ ಮುಖವನ್ನೂ ನೋಡಿದಳು. ಹೂಂ ಎಂದರೆ ಈತನಿಗೆ ದ್ರೋಹ, ಊಹೂಂ ಎಂದರೆ ಓಣಿಯ ಐದು ಮನೆಯ ಕೈಗೆ ಬಂದ ಕೆಲಸಕ್ಕೆ ಕಲ್ಲು. ಗಂಡನನ್ನು ನೋಡಿದಳು. ಅವನು ನಿಧಾನವಾಗಿ ತಲೆಯಾಡಿಸಿದ, ನೀನೇ ಹೇಳು ಎನ್ನುವಂತೆ.

"ಸಾವಕಾರ್ರ, ನೀವು ಆ ಕೆಟ್ಟ ಗಾದಿ ವಾಪಸ್ ತಂದಾಗ ಸೈತ ಬೈಲಿಲ್ಲ. ಅದನ್ನ ನಾ ಮರಿಯಂಗಿಲ್ಲ. ನಿಮ್ಮ ಗಾದಿ ಎಂಟು ದಿನಕ್ಕೊಮ್ಮಿ ಹಿಂಜಿ ಕೊಡೋ ಕೆಲಸ ಯಾವತ್ತೂ ಮೊದಲು, ಉಳದವರದು ಹಿಂದ. ಮಳಿಗಾಲದ ತನಕ ಸಾಬ್ರಿಗೆ ಒಂದೂ ಸೀಟು ಮಾಡಂಗಿಲ್ಲ. ಈ ಬ್ಯಾಸಿಗಿ ನಿಮ್ಮದು. ಆಮ್ಯಾಲ ಮಾಡ್ತೀನ್ರಿ. ಆ ಬಸ್ಸಿನಾಗ ಕೂಡೋರೂ ನಮ್ಮ ಮಂದೀನ ಅಲ್ಲೇನ್ರಿ? ಅವರ ಬೆನ್ನು ಯಾಕ ಸುಡಬೇಕು?"

ಉರುಕುಂದಪ್ಪ ಬೆನ್ನು ತಿರುಗಿಸಿ ಬಸ್ಸಿನ ಕಡೆ ಹೋದ. ಸತ್ತಾರ್ ಸಾಬ್ ಮಾತ್ರ ನಕ್ಕು, "ಮಳಿಗಾಲ ತನಕ ಕಾಯ್ತೀನಿ ಬೇಟಿ" ಎಂದು ಕೈಯೆತ್ತಿ ಸಲಾಮು ಮಾಡಿದರು. ನಿಲ್ದಾಣದಲ್ಲಿದ್ದ ತಮ್ಮ ಏಜೆಂಟನನ್ನು ಕರೆದು, ಇನ್ನು ತಗಣಿಯ ಮಾತು ಎತ್ತಿದರೆ ಕೆಲಸ ಬಿಟ್ಟು ಮನೆಗೆ ಹೋಗು ಎಂದು ಎಲ್ಲರೆದುರಿಗೇ ಹೇಳಿದರು.

ಉರುಕುಂದಪ್ಪ ಹತ್ತು ದಿನ ಆಕೆಯೊಡನೆ ಮಾತು ಬಿಟ್ಟ. ಗಾದಿ ಬದಲಿಸಲು ತಾಯಣ್ಣನನ್ನೇ ಕಳಿಸಿದ. ಆದರೆ ಆ ಬೇಸಿಗೆ ಅವನ ಬಸ್ಸಿನಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಅಷ್ಟು ಜನ ಕಂಡ ಮೇಲೆ ಸಿಟ್ಟು ಎಷ್ಟು ದಿನ ಉಳಿದೀತು? ಹನ್ನೊಂದನೆಯ ದಿನ ತಾನೇ ಬಂದು, ಅಂಗಳದಲ್ಲಿ ನಿಂತು, "ಸಾಬ್ರು ಮಳಿಗಾಲಕ್ಕ ನವಾರ ಹಾಕಸ್ತಾರ. ಅಲ್ಲೀತನಕ ನಾ ಕಿಟಕಿಗೆ ಪರದಾ ಹಾಕಸಬೇಕು. ಹೊಲೀತೀಯೇನು?" ಎಂದ. ಬಡೇಬೀ ಅವನಿಗೆ ಚಹಾ ಕೊಟ್ಟಳು.

ಮಳೆಗಾಲದಲ್ಲಿ ಗುಲ್‌ಬಹಾರಿಗೂ ನವಾರ ಬಂತು. ಮೊದಲ ಮಳೆಗೆ ಸೋರಿದ ಕಿಟಕಿಯಿಂದ ಅರ್ಧ ಗಾದಿ ತೊಯ್ದು, ಹೀರಾಬಿ ಎಲ್ಲಕ್ಕೂ ಮೇಣಗಪ್ಪಡದ ಹೊದಿಕೆ ಹೊಲಿಯಬೇಕಾಯಿತು. ಆಮೇಲೆ ಶುರುವಾಯಿತು ನಿಜವಾದ ಪೈಪೋಟಿ. ಒಬ್ಬರು ತಣ್ಣೀರಿನ ಹೂಜಿ ಇಟ್ಟರೆ ಇನ್ನೊಬ್ಬರು ಫ್ಯಾನು ಹಾಕಿಸಿದರು. ಒಬ್ಬರು ಬಸುರಿಯರಿಗೆಂದು ಮುಂದಿನ ಸೀಟು ಬಿಟ್ಟರೆ ಇನ್ನೊಬ್ಬರು ಹತ್ತಲು ಮೆಟ್ಟಿಲನ್ನೇ ತಗ್ಗಿಸಿದರು. ಗೋಪಮ್ಮನಂತೂ ದಿನಕ್ಕೊಂದು ಬಸ್ಸು ಹತ್ತಿ, ಎರಡೂ ಕಡೆಯ ಕಂಡಕ್ಟರಿಗೆ ಏನೇನು ಕೊರತೆ ಎಂದು ಒಪ್ಪಿಸುತ್ತಿದ್ದಳು. ಅವರು ನಿಂತು ಕೇಳುತ್ತಿದ್ದರು.

ಕಾರ್ತಿಕದ ಒಂದು ಬೆಳಿಗ್ಗೆ ಲಿಂಗಸುಗೂರಿನ ಹೊಸ ಬಸ್ಸಿನ ಮಾಲೀಕನೊಬ್ಬ ಪಿಂಜಾರ ಓಣಿಯನ್ನು ಹುಡುಕಿಕೊಂಡು ಬಂದ. ಹೈದರಾಬಾದಿನವರೆಗೆ ಓಡಿಸುವ ಬಸ್ಸು, ಹಿಂದಕ್ಕೆ ಒರಗುವ ಸೀಟು ಬೇಕೆಂದ. ಅಂಥ ಸೀಟನ್ನು ಹೀರಾಬಿ ಕಂಡೇ ಇರಲಿಲ್ಲ.

"ಒರಗೋದಂದ್ರ ಎಷ್ಟು ಒರಗಬೇಕ್ರಿ?" ಎಂದು ಕೇಳಿದಳು.

ಅವನು ಕೈಯಿಂದ ತೋರಿಸಿದ. ಹೀರಾಬಿ ಅಲ್ಲಾಉದ್ದೀನನನ್ನು ಕರೆದು ಗೋಡೆಗೆ ಒರಗಿಸಿ ಕೂರಿಸಿ, ಅವನ ಬೆನ್ನಿನ ಹಿಂದೆ ದಾರ ಹಿಡಿದು ಅಳತೆ ತೆಗೆಯತೊಡಗಿದಳು. "ಅಲುಗಬ್ಯಾಡ್ರಿ" ಎಂದಳು. ಅವನು ಉಸಿರು ಬಿಗಿಹಿಡಿದು ಕೂತ.